ಎರಡು ಹುಳ, ಒಂದೇ ಹೆಸರು

ಹೋದ ವರ್ಷ ಗೆಳೆಯರ ಜೊತೆ ಆಲಪ್ಪುಳದ ಹಿನ್ನೀರಿಗೆ ಹೋಗಿದ್ದೆ. ದಡದ ಹತ್ತಿರ ತೇಲುತ್ತಿದ್ದ ಹಸಿರು ಗಿಡ ತೋರಿಸಿ ದೋಣಿಯವರು "ಆಫ್ರಿಕನ್ ಪಾಯಲ್" ಅಂದರು. ಒಂದು ಕಾಲದಲ್ಲಿ ಇದರಿಂದ ದೋಣಿ ಮುಂದಕ್ಕೇ ಹೋಗುತ್ತಿರಲಿಲ್ಲವಂತೆ. "ಈಗ ಎಲ್ಲಿ ಹೋಯ್ತು?" ಅಂತ ಕೇಳಿದೆ. "ಹುಳ ತಿಂತು" ಅಂದರು. ಯಾವ ಹುಳ ಅಂತ ಹುಡುಕಲು ಕೂತವನಿಗೆ ಸಿಕ್ಕಿದ್ದು ಈ ಕಥೆ.

ಮೊದಲಿಗೆ, ಈ ಗಿಡ ಆಫ್ರಿಕಾದ್ದೇ ಅಲ್ಲ. ಸಾಲ್ವಿನಿಯಾ ಅನ್ನುವ, ನೀರಲ್ಲಿ ತೇಲುವ ಜರೀಗಿಡ ಇದು. ಒಂದು ತುಂಡು ಬಿದ್ದರೂ ಸಾಕು, ಕೆಲವೇ ದಿನಗಳಲ್ಲಿ ಎರಡರಷ್ಟಾಗುತ್ತದೆ. ಜಾಂಬೆಜಿ ನದಿಗೆ ಕರೀಬಾ ಅಣೆಕಟ್ಟು ಕಟ್ಟಿದ ಮೇಲೆ, 1959ರಲ್ಲಿ ಅಲ್ಲಿನ ಸರೋವರದಲ್ಲಿ ಕಾಣಿಸಿಕೊಂಡಿತು. 1962ರ ಹೊತ್ತಿಗೆ ಸುಮಾರು 1000 ಚದರ ಕಿಲೋಮೀಟರ್ ನೀರನ್ನು ಮುಚ್ಚಿಬಿಟ್ಟಿತ್ತು!

ಆಗ ಎಲ್ಲರೂ ಇದನ್ನು ಸಾಲ್ವಿನಿಯಾ ಆರಿಕ್ಯುಲೇಟಾ ಅಂದುಕೊಂಡಿದ್ದರು. ಇದನ್ನು ತಿನ್ನುವ ಕೀಟ ಬೇಕಲ್ಲ? ಅರವತ್ತರ ದಶಕದ ಶುರುವಿನಲ್ಲಿ ಆರಿಕ್ಯುಲೇಟಾ ಬೆಳೆಯುವ ಟ್ರಿನಿಡಾಡ್, ಗಯಾನಾ ಕಡೆ ಹುಡುಕಿದರು. ಅಲ್ಲಿ ಸಿಕ್ಕಿದವುಗಳಲ್ಲಿ ಒಂದು ಪುಟ್ಟ ಮೂತಿ ಹುಳ, ಸೈರ್ಟೋಬೇಗಸ್ ಸಿಂಗ್ಯುಲಾರಿಸ್. ಎಪ್ಪತ್ತರ ದಶಕದಲ್ಲಿ ಇದನ್ನು ಬೋಟ್ಸ್ವಾನಾ, ಫಿಜಿಯಂತಹ ಕಡೆ ಬಿಟ್ಟರು. ಹುಳ ಬದುಕಿತು, ಆದರೆ ಕಳೆ ಕಡಿಮೆಯಾಗಲಿಲ್ಲ.

1972ರಲ್ಲಿ ಡಿ. ಎಸ್. ಮಿಚೆಲ್ ಕರೀಬಾದ ಗಿಡ ಬೇರೆಯೇ ಪ್ರಭೇದ ಅಂತ ತೋರಿಸಿ, ಸಾಲ್ವಿನಿಯಾ ಮೊಲೆಸ್ಟಾ ಎಂದು ಹೆಸರಿಟ್ಟರು. ಅಂದರೆ ಇಷ್ಟು ದಿನ ಹುಡುಕಿದ್ದೇ ತಪ್ಪು ಊರಲ್ಲಿ. ಸರಿಯಾದ ಊರು ಸಿಕ್ಕಿದ್ದು 1978ರಲ್ಲಿ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವೆಂಡಿ ಫೊರ್ನೊ ಆಗ್ನೇಯ ಬ್ರೆಜಿಲ್‌ನಲ್ಲಿ ಈ ಗಿಡದ ತವರನ್ನು ಪತ್ತೆ ಮಾಡಿದರು. ಅದರ ಮೇಲೆ ಎರಡು ಮಿಲಿಮೀಟರ್ ಗಾತ್ರದ ಒಂದು ಕಪ್ಪು ಮೂತಿ ಹುಳ ಇತ್ತು. ನೋಡಿದರೆ ಅದೇ ಸಿಂಗ್ಯುಲಾರಿಸ್!

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. "ಅಯ್ಯೋ, ಇದನ್ನು ಆಗಲೇ ಬಿಟ್ಟು ನೋಡಿದ್ದಾರೆ, ಕೆಲಸ ಮಾಡಲ್ಲ" ಅಂತ ಹೆಸರು ನೋಡಿ ಕೈಬಿಟ್ಟಿದ್ದರೆ? ನನ್ನಂತಹ ಸಾಫ್ಟ್‌ವೇರ್ ಮಂದಿ ಬಹುಶಃ ಹಾಗೇ ಮಾಡುತ್ತಿದ್ದೆವು, ಹಳೇ ಬಗ್ ಅಂತ ಮುಚ್ಚಿಬಿಡುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಸರಿಯಾದ ಗಿಡದ ಮೇಲೆ ಸಿಕ್ಕಿದ ಹುಳ ಅಂತ ತಂದು ಪರೀಕ್ಷಿಸಿ, 1980ರ ಜೂನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮೂಂಡಾರಾ ಸರೋವರದಲ್ಲಿ ಬಿಟ್ಟರು. ಸುಮಾರು 200 ಹೆಕ್ಟೇರ್ ಹರಡಿದ್ದ ಸಾವಿರಾರು ಟನ್ ಕಳೆ ಮುಂದಿನ ವರ್ಷದ ಆಗಸ್ಟ್ ಹೊತ್ತಿಗೆ ನಾಶವಾಗಿತ್ತು.

ಒಂದೇ ಹುಳ, ಒಂದು ಕಡೆ ಸೋಲು, ಇನ್ನೊಂದು ಕಡೆ ಇಂಥ ಗೆಲುವು. ಹೇಗೆ? ಆಗ ಹುಳವನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು.

ಹತ್ತಿರದ ಸಂಬಂಧಿ ಹುಳಗಳನ್ನು ಹೊರಗಿನಿಂದ ನೋಡಿ ಬೇರೆ ಮಾಡುವುದು ಕಷ್ಟ. ಬಣ್ಣ ಮೋಸ ಮಾಡುತ್ತದೆ. ಒಂದೇ ಪ್ರಭೇದದಲ್ಲೂ ದೊಡ್ಡದು ಚಿಕ್ಕದು ಇರುತ್ತವೆ. ಆದ್ದರಿಂದ ತಜ್ಞರು ಗಂಡು ಹುಳದ ಜನನಾಂಗ ನೋಡುತ್ತಾರೆ. ನಗಬೇಡಿ! ಅದು ಗಟ್ಟಿ ಕವಚದ ಒಂದು ಕೊಳವೆ. ಹೊರಗಿನಿಂದ ಅವಳಿಗಳಂತಿರುವ ಹುಳಗಳಲ್ಲೂ ಅದರ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗಿರುತ್ತದೆ. ಹುಳದ ಹೊಟ್ಟೆಯ ತುದಿ ಬಿಡಿಸಿ, ಕ್ಷಾರದ ದ್ರಾವಣದಲ್ಲಿ ಮಾಂಸ ಕರಗಿಸಿ, ಉಳಿದ ಕವಚವನ್ನು ಗ್ಲಿಸರಿನ್‌ನಲ್ಲಿಟ್ಟು ನೋಡುತ್ತಾರೆ. 1912ರಲ್ಲೇ ಡೇವಿಡ್ ಶಾರ್ಪ್ ಮತ್ತು ಫ್ರೆಡರಿಕ್ ಮ್ಯೂರ್ ಈ ಅಂಗವೊಂದರ ಮೇಲೆಯೇ ದೊಡ್ಡ ಅಧ್ಯಯನ ಪ್ರಕಟಿಸಿದ್ದರು.

1985ರಲ್ಲಿ ಕಾಲ್ಡರ್ ಮತ್ತು ಸ್ಯಾಂಡ್ಸ್ ಬ್ರೆಜಿಲ್‌ನ ಹುಳ ಹೊಸ ಪ್ರಭೇದ ಎಂದು ವಿವರಿಸಿ, ಸೈರ್ಟೋಬೇಗಸ್ ಸಾಲ್ವಿನಿಯೇ ಎಂದು ಹೆಸರಿಟ್ಟರು. ನಡವಳಿಕೆಯೂ ಬೇರೆ ಇತ್ತು. ಸಿಂಗ್ಯುಲಾರಿಸ್ ಮುಖ್ಯವಾಗಿ ಎಲೆ ತಿಂದು ತೃಪ್ತಿಪಡುತ್ತದೆ. ಸಾಲ್ವಿನಿಯೇ ಚಿಗುರು ತಿನ್ನುತ್ತದೆ, ಅದರ ಮರಿ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಚಿಗುರೂ ಕಾಂಡವೂ ಹೋದರೆ ಗಿಡ ಹೇಗೆ ಉಳಿದೀತು?

ಇನ್ನು ನಮ್ಮೂರಿನ ವಿಷಯ. ಈ ಹುಳ 1982ರಲ್ಲೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ಬಂತು. ಆಗ ಅದಕ್ಕೆ ಇನ್ನೂ ತನ್ನದೇ ಹೆಸರಿರಲಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ. ಪಿ. ಜಯಂತ್ ಇದನ್ನು ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟು ನೋಡಿದರು. ಹನ್ನೊಂದು ತಿಂಗಳಲ್ಲಿ ಸಾಲ್ವಿನಿಯಾ ಕುಸಿಯಿತು, ಅದರಡಿ ಸೊರಗಿದ್ದ ನೈದಿಲೆ ಮತ್ತೆ ಚಿಗುರಿತು. ಕೇರಳದಲ್ಲಿ ಮೂರೇ ವರ್ಷದಲ್ಲಿ, ಕಳೆಯಿಂದಾಗಿ ಕೈಬಿಟ್ಟಿದ್ದ ಬಹುಪಾಲು ಕಾಲುವೆಗಳು ತೆರೆದುಕೊಂಡವು. ನಮ್ಮ ದೋಣಿ ಸಾಗಿದ್ದು ಅಂಥ ನೀರಿನಲ್ಲೇ.

ಕಥೆಗೆ ಒಂದು ಬಾಲವೂ ಇದೆ. ಅಮೆರಿಕದ ಫ್ಲಾರಿಡಾದಲ್ಲಿರುವ ಇಂಥದೇ ಹುಳವನ್ನು ಮೊದಲು ಸಿಂಗ್ಯುಲಾರಿಸ್ ಎಂದಿದ್ದರು. ಕಾಲ್ಡರ್, ಸ್ಯಾಂಡ್ಸ್ ಅದೂ ಸಾಲ್ವಿನಿಯೇ ಅಂದರು. 2000ದಲ್ಲಿ ಡಿಎನ್‌ಎ ನೋಡಿದವರು "ಇದು ಮೂರನೇ ಪ್ರಭೇದ ಇರಬಹುದು" ಎಂದರು. 2006ರಲ್ಲಿ ಡಿಎನ್‌ಎ, ಅಂಗರಚನೆ ಎರಡನ್ನೂ ಸೇರಿಸಿ ನೋಡಿದಾಗ ಸಾಲ್ವಿನಿಯೇ ಎಂದೇ ತೀರ್ಮಾನವಾಯಿತು, ಒಳಬಗೆ ಮಾತ್ರ ಬೇರೆ.

ಹುಳದ ಹೊಟ್ಟೆ ಬಿಡಿಸಿ, ಚಿತ್ರ ಬರೆದು, ಹೆಸರಿಟ್ಟು ಪೆಟ್ಟಿಗೆಯಲ್ಲಿ ಇಡುವವರನ್ನು ಕಂಡರೆ "ಇದರಿಂದ ಏನು ಉಪಯೋಗ?" ಅಂತ ನಾನೇ ಕೇಳಿದ್ದಿದೆ. ಈಗ ಕೇಳುವುದಿಲ್ಲ. ಎರಡು ಹುಳಕ್ಕೆ ಒಂದೇ ಹೆಸರಿದ್ದಷ್ಟು ದಿನ, ಒಂದರ ಸೋಲು ಇನ್ನೊಂದರ ಲೆಕ್ಕಕ್ಕೂ ಬೀಳುತ್ತಿತ್ತು. ಇನ್ನೂ ಹೆಸರೇ ಇಲ್ಲದ ಹುಳಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಇವೆ. ಅವುಗಳಲ್ಲಿ ಯಾವುದು ಯಾವ ಊರಿನ ಕೆರೆಗೆ ಬೇಕಾಗುತ್ತದೋ, ಯಾರಿಗೆ ಗೊತ್ತು?