ಪುಣೆಯ ವಾಡೆ ಮತ್ತು ವಸತಿ ನಿಯಮ

ಉತ್ತರ ಕರ್ನಾಟಕದಲ್ಲಿ ದೇಸಾಯರ ಮನೆಗೆ ಸಲ್ಲುವ ‘ವಾಡೆ’ ಎಂಬ ಪದ ಪುಣೆಯ ಪೇಠೆಗಳಲ್ಲಿ ‘ವಾಡಾ’ ಎಂದು ಬಳಕೆಯಲ್ಲಿದೆ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದ ತರುವಾಯ, ಕಾಲಕ್ರಮದಲ್ಲಿ, ಇಂತಹ ಅನೇಕ ಮನೆಗಳಲ್ಲಿ ಬಾಡಿಗೆಯ ಕುಟುಂಬಗಳು ನೆಲಸಿದವು. ನಡುವಣ ಚೌಕ ಎಲ್ಲರ ಬಳಕೆಗೂ ಒದಗಿತು. ಬಹುಕುಟುಂಬ ವಸತಿ ಈ ನಗರಕ್ಕೆ ಹೊಸದಲ್ಲವೆಂಬುದನ್ನು ನಾವು ಮೊದಲು ಗಮನಿಸಬೇಕು.

1947ರ ಮುಂಬಯಿ ಬಾಡಿಗೆ ಕಾಯಿದೆಯಿಂದ ಬಾಡಿಗೆದಾರರ ನೆಲೆ ಉಳಿಯಿತು. ಆದರೆ ಮಾಲೀಕರು ದುರಸ್ತಿಯಲ್ಲಿ ಆಸಕ್ತಿ ಕಳೆದುಕೊಂಡರು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದಾಗ ಮುಠಾ ನದಿಯ ದಂಡೆಯ ಅನೇಕ ವಾಡೆಗಳು ಕುಸಿದವು. 1970ರ ಮಹಾರಾಷ್ಟ್ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ಮಹಡಿಯ ಒಂದೊಂದು ಮನೆಗೂ ಪ್ರತ್ಯೇಕ ಒಡೆತನವನ್ನು ಮಾನ್ಯ ಮಾಡಿತು. 2020ರ ಏಕೀಕೃತ ನಿಯಮಾವಳಿಯು ನಿವೇಶನದ ವಿಸ್ತೀರ್ಣ, ಮುಂದಿನ ರಸ್ತೆಯ ಅಗಲ ಮುಂತಾದವುಗಳಿಂದ ಕಟ್ಟಡದ ಪ್ರಮಾಣವನ್ನು ನಿರ್ಣಯಿಸುತ್ತದೆ. ಚೌಕವನ್ನು ಹಂಚಿಕೊಂಡು ಬಾಳಿದ ರೂಢಿಗೆ ಈ ಅಳತೆಗಳಲ್ಲಿ ಸ್ಥಾನ ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ. ಉಳಿದ ವಾಡೆಗಳು ಅಳಿಯುವ ಮುನ್ನ ಆ ರೂಢಿಯನ್ನಾದರೂ ದಾಖಲಿಸಬೇಕಾಗಿದೆ.