ದರಿಯಾ ದೌಲತಿನ ಭಿತ್ತಿಯಲ್ಲಿ ಶತ್ರುಭಟನ ರೂಪ

ಕಾವ್ಯದಲ್ಲಿ ನಾಯಕನ ಉತ್ಕರ್ಷವು ಸಿದ್ಧಿಸಬೇಕಾದರೆ ಪ್ರತಿನಾಯಕನನ್ನು ಹೇಗೆ ವರ್ಣಿಸಬೇಕೆಂಬ ಪ್ರಶ್ನೆಯನ್ನು ಆಲಂಕಾರಿಕರು ಬಹು ಹಿಂದೆಯೇ ಎತ್ತಿರುವರು. ದಂಡಿಯು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿ ಎರಡು ಮಾರ್ಗಗಳನ್ನು ಹೇಳಿ, ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನು ಮೊದಲು ಕೊಂಡಾಡಿ, ಅಂಥವನನ್ನು ಗೆದ್ದವನೆಂದು ನಾಯಕನನ್ನು ಹೊಗಳುವುದೇ ತನಗೆ ಹೆಚ್ಚು ಪ್ರಿಯವೆಂದು ಸೂಚಿಸುತ್ತಾನೆ. ಕನ್ನಡದಲ್ಲಿ ರನ್ನನ ದುರ್ಯೋಧನನು ಈ ಮಾರ್ಗಕ್ಕೆ ಸರ್ವವಿದಿತವಾದ ಉದಾಹರಣೆ. ಆದರೆ ಈ ವಿಚಾರವೆಲ್ಲ ಹೆಸರುಳ್ಳ ಶತ್ರುವಿಗೆ ಸಂಬಂಧಿಸಿದುದು. ಹೆಸರಿಲ್ಲದೆ ಸಾಲಿನಲ್ಲಿ ನಿಂತು ಕಾದಿ ಬೀಳುವ ಶತ್ರುಭಟನಿಗೆ ಲಕ್ಷಣಗ್ರಂಥಗಳಲ್ಲಿ ಸ್ಥಾನವಿಲ್ಲ. ಅವನ ರೂಪವನ್ನು ನಿರ್ಣಯಿಸಿದವರು ಶಿಲ್ಪಿಗಳು ಮತ್ತು ಚಿತ್ರಕಾರರು.

ಈ ರೂಪನಿರ್ಣಯವು ಹೇಗೆ ನಡೆಯಿತೆಂಬುದನ್ನು ನೋಡಲು ಶ್ರೀರಂಗಪಟ್ಟಣದ ದರಿಯಾ ದೌಲತ್ ಭವನದ ಪಶ್ಚಿಮ ಭಿತ್ತಿಯಷ್ಟು ಒಳ್ಳೆಯ ಸಾಧನವು ಕನ್ನಡನಾಡಿನಲ್ಲಿ ಬೇರೊಂದಿಲ್ಲ. ಅಲ್ಲಿರುವ ಪೊಳ್ಳಿಲೂರು ಕಾಳಗದ ಚಿತ್ರವನ್ನು 1780ರ ಸೈನ್ಯಗಳ ಉಡುಪು, ಆಯುಧ, ವ್ಯೂಹಗಳಿಗೆ ಸಾಕ್ಷಿಯೆಂದು ಉದಾಹರಿಸುವುದು ವಾಡಿಕೆಯಾಗಿದೆ. ಪಾಠಶಾಲೆಯ ಪುಸ್ತಕಗಳಲ್ಲಿಯೂ ಅದೇ ಅಚ್ಚಾಗುತ್ತದೆ. ಆ ಸಾಕ್ಷ್ಯವು ಯಾವ ಕಾಲದ್ದು, ಯಾರ ಕೈಯದು ಎಂಬುದನ್ನು ಶೋಧಿಸದೆ ಅದನ್ನು ಪ್ರಮಾಣವೆಂದು ಹಿಡಿಯುವುದು ಉಚಿತವಲ್ಲ.

ಮೊದಲು ಹಿಂದಿನ ಪದ್ಧತಿಯನ್ನು ನೋಡಬೇಕು. ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ಅವನು ಶಿವಸಾನ್ನಿಧ್ಯದಲ್ಲಿರುವುದು, ಹೀಗೆ ಕಥೆಯು ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಶತ್ರುವಿಗೆ ಸ್ಥಳವಿರುವುದು ಕೆಳಗಿನ ಪಟ್ಟಿಕೆಯಲ್ಲಿ ಮಾತ್ರ. ಅವನು ಆಕಾರದಲ್ಲಿ ವೀರನಿಗಿಂತ ಚಿಕ್ಕವನು. ಹಲವೆಡೆ ವೀರನ ಕಾಲ ಬಳಿ ಬಿದ್ದಿರುತ್ತಾನೆ. ಆದರೆ ಅವನ ಕಚ್ಚೆ, ತುರುಬು, ಬಿಲ್ಲು, ಗುರಾಣಿಗಳು ವೀರನವುಗಳಂತೆಯೇ ಇರುತ್ತವೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಶಿಲೆಯು ಪ್ರಸಿದ್ಧವಾದುದು. ಗಂಗ ಎರೆಯಪ್ಪನ ಕಾಲದಲ್ಲಿ ವೀರಮಹೇಂದ್ರನ ಮೇಲೆ ನಡೆದ ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನ ಸ್ಮಾರಕವದು. ಆನೆ ಕುದುರೆ ಕಾಲಾಳುಗಳ ಆ ದಟ್ಟಣೆಯಲ್ಲಿ ಪಕ್ಷವನ್ನು ಗುರುತಿಸಲು ಉಡುಪು ನೆರವಾಗುವುದಿಲ್ಲ. ಗಾತ್ರ, ನಿಂತ ದಿಕ್ಕು, ಮತ್ತು ಶಾಸನದ ಅಕ್ಷರ ಇವೇ ಆಧಾರ. ಶಿಲ್ಪಿಗೆ ಶತ್ರುವೆಂದರೆ ಎದುರು ನಿಂತವನು, ಅಷ್ಟೆ. ಚದುರಂಗದ ಕಾಯಿಗಳಲ್ಲಿಯೂ ಇದೇ ನ್ಯಾಯವಿರುವುದನ್ನು ವಾಚಕರು ಬಲ್ಲರು. ಎರಡು ಪಕ್ಷದ ಪದಾತಿಗಳಿಗೂ ರೂಪವೊಂದೇ, ಬಣ್ಣ ಮಾತ್ರ ಬೇರೆ.

ಎದುರು ನಿಂತವನು ನಾಳೆ ಪಕ್ಕದಲ್ಲಿ ನಿಲ್ಲುವನೆಂಬ ಅನುಭವವೂ ಈ ಪದ್ಧತಿಗೆ ಕಾರಣವಾಗಿರಬಹುದು. ಇದಕ್ಕೆ ಚಿತ್ರದುರ್ಗ ಸೀಮೆಯ ವೃತ್ತಾಂತವೇ ದೃಷ್ಟಾಂತ. ಚಳ್ಳಕೆರೆ ಮೊಳಕಾಲ್ಮೂರುಗಳ ನಡುವೆ ಬಿ.ಜಿ. ಕೆರೆಯ ಸುತ್ತಲಿನ ಬಯಲು ಬ್ರಹ್ಮಗಿರಿಯ ಅಶೋಕಶಾಸನದಿಂದ ವಿದ್ವಾಂಸರಿಗೆ ಪರಿಚಿತವಾದುದಷ್ಟೆ. ಹದಿನೆಂಟನೆಯ ಶತಮಾನದಲ್ಲಿ ಅದು ಬೇಡ ನಾಯಕರ ಸೀಮೆ. 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದು ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಸೀಮೆಯ ಸುಮಾರು 20,000 ಜನರನ್ನು ಅಲ್ಲಿಗೆ ಸಾಗಿಸಿ, ಅವರಲ್ಲಿ ತಕ್ಕ ವಯಸ್ಸಿನ ಬಾಲಕರನ್ನು ಮತಾಂತರಗೊಳಿಸಿ ಚೇಲಾ ಎಂಬ ಪಡೆಗಳಲ್ಲಿ ಸೇರಿಸಿದನೆಂದು ರೈಸರವರ ಗೆಝೆಟಿಯರಿನಿಂದ ತಿಳಿಯಬರುತ್ತದೆ. ದುರ್ಗದ ಜನರ ಬಾಯಲ್ಲಿ ಹೈದರನ ಭಟನು ಕಿಂಡಿಯಲ್ಲಿ ತಲೆ ತೂರಿಸುವವನು. ಓಬವ್ವನ ಒನಕೆಗೆ ಸಿಕ್ಕುವ ಅವನಿಗೆ ಆ ಕಥೆಯಲ್ಲಿ ತಲೆಯೊಂದಿದೆಯೇ ಹೊರತು ಮುಖವಿಲ್ಲ. ದುರ್ಗದವರ ಮಕ್ಕಳು ಮಾತ್ರ ಆ ಹೈದರನ ಭಟರೇ ಆದರು.

ಮರುವರ್ಷವೇ, 1780ರ ಸೆಪ್ಟೆಂಬರ್ 10ರಂದು, ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಹೈದರಾಲಿಯೂ ಟೀಪುವೂ ಕರ್ನಲ್ ವಿಲಿಯಂ ಬೆಯ್ಲಿಯ ದಂಡನ್ನು ಸುತ್ತುಗಟ್ಟಿ ನಾಶಮಾಡಿದರು. ಹತ್ತಿರದಲ್ಲಿಯೇ ಇದ್ದ ಹೆಕ್ಟರ್ ಮನ್ರೋ ನೆರವಿಗೆ ಬರಲಿಲ್ಲ. ಬೆಯ್ಲಿಯು ಸೆರೆಸಿಕ್ಕಿ 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡನು. ಟೀಪುವು 1784ರಲ್ಲಿ ಕೋಟೆಯ ಹೊರಗೆ ಕಾವೇರಿಯ ಬಳಿ ಉದ್ಯಾನಭವನವನ್ನು ಕಟ್ಟಿಸಿದಾಗ ಈ ಜಯವನ್ನು ಗೋಡೆಯ ಮೇಲೆ ಬರೆಯಿಸಿದನು.

ಚಿತ್ರದ ಮಧ್ಯದಲ್ಲಿ ಆಂಗ್ಲೇಯರ ಚತುರಸ್ರವ್ಯೂಹ. ಅದರೊಳಗೆ ಗಾಯಗೊಂಡ ಬೆಯ್ಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳನ್ನು ಬಾಯಿಗಿಟ್ಟಿದ್ದಾನೆ. ಮೇಲುಗಡೆ ಮದ್ದಿನ ಬಂಡಿಯು ಸಿಡಿಯುತ್ತದೆ. ಸುತ್ತಲೂ ಕೆಂಪಂಗಿಯ ಭಟರು ಅಚ್ಚಿನಿಂದ ತೆಗೆದವರಂತೆ ಸಾಲು ನಿಂತಿದ್ದಾರೆ. ಒಂದೇ ಅಂಗಿ, ಒಂದೇ ಭಂಗಿ, ಮೀಸೆಯಿಲ್ಲದ ಒಂದೇ ಮುಖ. ಎದುರಿನ ಮೈಸೂರಿನ ಸವಾರರಾದರೋ ಗಡ್ಡಮೀಸೆಗಳಿಂದಲೂ ಬಗೆಬಗೆಯ ಉಡುಪಿನಿಂದಲೂ ಬೇರೆಬೇರೆಯಾಗಿ ಕಾಣುತ್ತಾರೆ. ವೀರಗಲ್ಲಿನಲ್ಲಿ ಗಾತ್ರವು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಉಡುಪು ಮಾಡುತ್ತಿದೆ. ಆದರೆ ಬೆಯ್ಲಿಯ ದಂಡಿನಲ್ಲಿ ಹೆಚ್ಚಿನವರು ಈ ದೇಶದವರೇ ಆದ ಸಿಪಾಯಿಗಳೆಂಬುದು ಸ್ಮರಣೀಯ. ಅಂದರೆ ಆ ಕೆಂಪು ಬಣ್ಣವು ಜಾತಿಯನ್ನೂ ದೇಶವನ್ನೂ ಹೇಳುವುದಿಲ್ಲ, ಯಾರ ಸಂಬಳ ಎಂಬುದನ್ನು ಹೇಳುತ್ತದೆ. ಇದಕ್ಕೆ ಪ್ರತಿಯಾಗಿ ಟೀಪುವಿನ ಚೇಲಾ ಪಡೆಗೆ ಆಂಗ್ಲ ಬಾಲಕರನ್ನೂ ಸೇರಿಸಲಾಯಿತು. ಅವರಲ್ಲೊಬ್ಬನಾದ ಜೇಮ್ಸ್ ಸ್ಕರಿಯ ಸೆರೆವಾಸದ ವೃತ್ತಾಂತವು 1824ರಲ್ಲಿ ಅಚ್ಚಾಯಿತು.

ಇನ್ನು ಈ ಚಿತ್ರದ ಚರಿತ್ರೆ. 1799ರ ಮುತ್ತಿಗೆಗೆ ಮುಂಚೆಯೇ ಭಿತ್ತಿಚಿತ್ರಗಳು ಅಳಿಸಲ್ಪಟ್ಟಿದ್ದವು. ಪಟ್ಟಣವು ಬಿದ್ದ ಮೇಲೆ ಈ ಭವನವನ್ನು ತನ್ನ ವಾಸಸ್ಥಾನವಾಗಿ ಮಾಡಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಅವುಗಳನ್ನು ಸರಿಪಡಿಸಿದನು. ಪುನಃ ಅವು ಮಾಸಿ ಅಳಿಯುವ ಸ್ಥಿತಿಗೆ ಬಂದಾಗ, 1855ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಲಾರ್ಡ್ ಡಾಲ್‌ಹೌಸಿಯು ಭವನವನ್ನು ದುರಸ್ತಿಮಾಡಿಸಿ, ಮೊದಲಿನ ಚಿತ್ರಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಇಲ್ಲಿಯ ಚಿತ್ರಕಾರನೊಬ್ಬನಿಂದ ಪುನಃ ಬರೆಯಿಸಿದನು. ಹೀಗೆ ಶತ್ರುಭಟನು ಒಂದೇ ಗೋಡೆಯಲ್ಲಿ ಮೂರು ಬಾರಿ ರೂಪಗೊಂಡನು. ಮೊದಲ ಸಲ ಗೆದ್ದವನ ಅಪ್ಪಣೆಯಿಂದ, ಎರಡನೆಯ ಮೂರನೆಯ ಸಲ ಚಿತ್ರದಲ್ಲಿ ಸೋತು ನಿಂತಿರುವವರ ಅಪ್ಪಣೆಯಿಂದ. ಅವರು ತಮ್ಮ ಸೋಲನ್ನು ತಮ್ಮ ದುಡ್ಡಿನಿಂದಲೇ ಏಕೆ ಬರೆಯಿಸಿದರೆಂಬುದಕ್ಕೆ ಕುತೂಹಲ, ಗೆದ್ದ ಮೇಲಿನ ಔದಾರ್ಯ, ಹತರಾದವರ ಸ್ಮರಣೆ ಎಂದು ನಾನಾ ಕಾರಣಗಳನ್ನು ಊಹಿಸಬಹುದು. 1816ರಲ್ಲಿ ಬೆಯ್ಲಿಯ ಸೋದರನ ಮಗನು ಗುಂಬಜಿನ ಬಳಿ ಸ್ಮಾರಕವನ್ನು ಕಟ್ಟಿಸಿದುದೂ ಇದೇ ಮನೋಭಾವಕ್ಕೆ ಹತ್ತಿರದ್ದು.

ಪುನರ್ಲೇಖನದಲ್ಲಿ ಮೂಲವು ಯಥಾವತ್ತಾಗಿ ಉಳಿಯಿತೇ? ಇದಕ್ಕೆ ಉತ್ತರವನ್ನು ಪೂರ್ವಭಿತ್ತಿಯು ತಾನೇ ಕೊಡುತ್ತದೆ. ಅಲ್ಲಿ ಐದು ಸಾಲುಗಳಲ್ಲಿ ಸಮಕಾಲೀನ ರಾಜರ ಓಲಗಗಳಿವೆ. ತಂಜಾವೂರಿನ ರಾಜ, ಕಾಶಿಯ ರಾಜ, ಬಾಲಾಜಿರಾವ್ ಪೇಶ್ವೆ, ಮಾಗಡಿ ಕೆಂಪೇಗೌಡ ಇವರೊಡನೆ ಚಿತ್ರದುರ್ಗದ ಮದಕರಿನಾಯಕನೂ ಓಲಗಗೊಟ್ಟಿದ್ದಾನೆ. ಹೈದರನ ಸೆರೆಯಾಳಾಗಿದ್ದವನನ್ನು ಹೈದರನ ಮಗನ ಭವನದಲ್ಲಿ ಇಷ್ಟು ಗೌರವದಿಂದ ಬರೆದಿರುವುದು ದಂಡಿಯ ಮಾತಿಗೆ ಒಪ್ಪುವಂತಿದೆ. ಆದರೆ ಅದೇ ಗೋಡೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದ್ದಾರೆ! ಅವರು ಹುಟ್ಟಿದುದು 1794ರಲ್ಲಿ, ಪಟ್ಟವೇರಿದುದು 1799ರಲ್ಲಿ. 1784ರ ಗೋಡೆಯಲ್ಲಿ ಅವರ ಓಲಗವಿರುವುದು ಅಸಂಭವ. ಹೀಗಿರುವಲ್ಲಿ, ಪುನಃ ಬರೆದವರು ಮೂಲಕ್ಕೆ ಹೊಸತನ್ನು ಸೇರಿಸಿದರೆಂಬುದು ಈ ಒಂದು ಸಂಗತಿಯಿಂದಲೇ ಸಿದ್ಧವಾಗುತ್ತದೆ. ಮದಕರಿಯ ಚಿತ್ರವಾದರೂ ಟೀಪುವಿನ ಕಾಲದ್ದೇ ಎಂದು ಇನ್ನು ನಿಶ್ಚಯವಾಗಿ ಹೇಳಲಾಗದು. ಪೂರ್ವಭಿತ್ತಿಯಲ್ಲಿ ಒಬ್ಬ ರಾಜನನ್ನೇ ಸೇರಿಸಿದ ಕೈ, ಪಶ್ಚಿಮಭಿತ್ತಿಯಲ್ಲಿ ಭಟನ ಟೋಪಿಯನ್ನೂ ಗುಂಡಿಯನ್ನೂ ತನ್ನ ಕಾಲಕ್ಕೆ ತಕ್ಕಂತೆ ಬದಲಿಸಿರಲಾರದೆನ್ನಲು ಆಧಾರವೇನು? 1855ರ ಚಿತ್ರಕಾರನು ದಿನವೂ ಬೀದಿಯಲ್ಲಿ ನೋಡುತ್ತಿದ್ದ ಕೆಂಪಂಗಿಯು 1780ರ ಕೆಂಪಂಗಿಯಲ್ಲ.

ಟೀಪುವಿನ ಕಾಲದ ಮತ್ತೊಂದು ಶತ್ರುರೂಪವನ್ನು ಇದರೊಡನೆ ಹೋಲಿಸಬಹುದು. 1799ರಲ್ಲಿ ಅರಮನೆಯಲ್ಲಿ ದೊರೆತು, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಮರದ ಹುಲಿಯೇ ಅದು. ಉದ್ದ 178 ಸೆಂಟಿಮೀಟರು. ಅಂಗಾತ ಬಿದ್ದ ಫಿರಂಗಿಯವನ ಕತ್ತಿಗೆ ಹುಲಿಯು ಬಾಯಿ ಹಾಕಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡಿ, ಮನುಷ್ಯನ ನರಳಿಕೆಯೂ ಹುಲಿಯ ಗುರುಗುಟ್ಟುವಿಕೆಯೂ ಕೇಳಿಬರುತ್ತವೆ, ಅವನ ಎಡಗೈ ಎದ್ದು ಬೀಳುತ್ತದೆ. ಕೆಂಪಂಗಿ, ಕರಿಯ ದುಂಡು ಟೋಪಿ ಇವು ಇಲ್ಲಿಯೂ ಇವೆ. ಕೈಯಲ್ಲಿ ಆಯುಧವಿಲ್ಲ. ಇವನು ಭಟನೋ ವರ್ತಕನೋ ಎಂದು ಚರ್ಚೆ ನಡೆದಿರುವುದು ಈ ಕಾರಣದಿಂದಲೇ. ಆಟಿಕೆಯನ್ನು ಮಾಡಿದವನಿಗೆ ಆ ಭೇದವು ಬೇಕಾಗಿರಲಿಲ್ಲವೆಂದು ತೋರುತ್ತದೆ. ಅಂಗಿಯೂ ಟೋಪಿಯೂ ಇದ್ದರೆ ಕುಂಪಣಿಯವನೆಂದು ನೋಡಿದವನಿಗೆ ತಿಳಿಯುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಈ ಹುಲಿಯೂ ಜಖಂಗೊಂಡು ಪುನಃ ಜೋಡಿಸಲ್ಪಟ್ಟಿತಾದರೂ, ಕೆಂಪಂಗಿಯೇ ಶತ್ರುವಿನ ಗುರುತೆಂಬ ಸಂಕೇತವು ಟೀಪುವಿನ ಕಾಲದ್ದೇ ಎನ್ನಲು ಇದು ಸಾಕಾದ ಆಧಾರ. ಗೋಡೆಯ ಚಿತ್ರದಲ್ಲಿ ಮೂಲದಿಂದ ಬಂದುದೆಂದು ಧೈರ್ಯವಾಗಿ ಹೇಳಬಹುದಾದುದು ಈ ಸಂಕೇತ.

ಚತುರಸ್ರವ್ಯೂಹ, ಪಲ್ಲಕ್ಕಿ, ಸಿಡಿಯುವ ಮದ್ದಿನ ಬಂಡಿ ಇವುಗಳ ವಿನ್ಯಾಸಕ್ಕೆ ಬೇರೊಂದು ಸಾಕ್ಷಿಯಿದೆ. ಇದೇ ಕಾಳಗವನ್ನು ಹತ್ತು ಹಾಳೆಗಳ ಮೇಲೆ, ಸುಮಾರು 32 ಅಡಿ ಉದ್ದಕ್ಕೆ ಬರೆದ ಚಿತ್ರವೊಂದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಆಂಗ್ಲ ಸೇನಾಧಿಕಾರಿಯೊಬ್ಬನೊಡನೆ ಇಂಗ್ಲೆಂಡಿಗೆ ಹೋಯಿತು. ಅದು 2010ರಲ್ಲಿಯೂ 2022ರಲ್ಲಿಯೂ ಲಂಡನ್ನಿನ ಹರಾಜಿನಲ್ಲಿ ಕಾಣಿಸಿಕೊಂಡಿತು. ಗೋಡೆಗೆ ಮುಂಚಿನ ಕರಡೋ ಗೋಡೆಯಿಂದ ಎತ್ತಿದ ಪ್ರತಿಯೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದರೂ, ಡಾಲ್‌ಹೌಸಿಯ ಚಿತ್ರಕಾರನಿಗಿಂತ ಅದು ಹಳೆಯದೆಂಬುದರಲ್ಲಿ ಸಂದೇಹವಿಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವ ಕ್ರಮದಲ್ಲಿಯೇ ಹಾಳೆಗಳ ಭಟನನ್ನೂ ಗೋಡೆಯ ಭಟನನ್ನೂ ಟೋಪಿ, ಪಟ್ಟಿ, ಬಂದೂಕು, ಕಾಲುಡುಪುಗಳಲ್ಲಿ ಒಂದೊಂದಾಗಿ ಹೋಲಿಸಿ ನೋಡಬೇಕು. ಎರಡರಲ್ಲಿಯೂ ಇರುವುದನ್ನು ಮೂಲಪಾಠವೆಂದು ಇಟ್ಟುಕೊಳ್ಳಬಹುದು. ಗೋಡೆಯಲ್ಲಿ ಮಾತ್ರ ಕಾಣುವುದನ್ನು ಉದಾಹರಿಸುವವರು ಅದರ ಕೆಳಗೆ 1780 ಎಂದು ಬರೆಯದೆ 1855 ಎಂದು ಬರೆಯತಕ್ಕದ್ದು.