ಫೋನು ಮನೆ ಬಿಟ್ಟ ಮೇಲೆ

ಬ್ರಿಟನ್ನಿನ ಮೊಬೈಲ್ ಅಂಗಡಿಗೆ ಹೋಗಿ, ತಿಂಗಳಿಗಿಷ್ಟು ಎಂದು ಎರಡು ವರ್ಷ ಕಟ್ಟುವ ಕಾಂಟ್ರಾಕ್ಟಿನ ಮೇಲೆ ಫೋನ್ ಕೇಳಿದವರು ಹೆಸರು, ಹುಟ್ಟಿದ ದಿನ, ಕಳೆದ ಮೂರು ವರ್ಷ ವಾಸವಿದ್ದ ವಿಳಾಸಗಳು, ಬ್ಯಾಂಕ್ ಖಾತೆಯ ವಿವರ ಎಲ್ಲವನ್ನೂ ಕೊಡಬೇಕು. ಕೆಲವೇ ಕ್ಷಣಗಳಲ್ಲಿ ಪರದೆಯ ಮೇಲೆ ಉತ್ತರ ಬರುತ್ತದೆ: ಕೊಡಬಹುದು, ಕೊಡಬಾರದು, ಇಲ್ಲವೇ ಇನ್ನೊಮ್ಮೆ ಪರಿಶೀಲಿಸಬೇಕು. ಕೊಡಬಾರದು ಎಂದು ಬಂದರೆ ಏಕೆಂದು ಗಲ್ಲೆಯಾಚೆ ನಿಂತ ಹುಡುಗ ಹೇಳಲಾರ. ಅವನಿಗೂ ಅದು ಗೊತ್ತಿರುವುದಿಲ್ಲ. ಕ್ರೆಡಿಟ್ ಚೆಕ್ ಎಂಬ ಈ ಪರೀಕ್ಷೆ ಕಂಪ್ಯೂಟರ್ ಯುಗದ ಕೂಸೆಂದೂ ಅದು ಅಳೆಯುವುದು ಗಿರಾಕಿಯ ಸಂಪಾದನೆಯನ್ನೆಂದೂ ಸಾಮಾನ್ಯ ನಂಬಿಕೆ. ಇತಿಹಾಸ ನೋಡಿದರೆ ಎರಡೂ ನಿಲ್ಲುವುದಿಲ್ಲ. ವಿಧಾನ ಹಳೆಯ ಉದ್ರಿ ವ್ಯಾಪಾರದ್ದು. ಅಳೆಯುವುದು ಮನುಷ್ಯ ಹಿಂದೆ ಬಿಟ್ಟುಬಂದ ಲೆಕ್ಕದ ಜಾಡನ್ನು. ಫೋನ್ ಕಂಪನಿಗಳಿಗೆ ಇದು ಇಷ್ಟು ಅಗತ್ಯವಾದದ್ದಕ್ಕೆ ಮಾತಿನ ಬಿಲ್ಲಿಗಿಂತ ಹೆಚ್ಚಾಗಿ ಆ ಬಿಲ್ಲಿನೊಳಗೆ ಸದ್ದಿಲ್ಲದೆ ಸೇರಿಸಿದ ಸಾಲವೇ ಕಾರಣ ಎಂಬುದು ನನ್ನ ವಾದ.

1803ರಲ್ಲಿ ಲಂಡನ್ನಿನ ದರ್ಜಿಗಳು ಸೇರಿ ಒಂದು ಸಂಘ ಕಟ್ಟಿಕೊಂಡರು. ಕೋಟು ಹೊಲಿಸಿಕೊಂಡು ಹಣ ಕೊಡದೆ ಮುಂದಿನ ಅಂಗಡಿಗೆ ನಡೆಯುವ ಗಿರಾಕಿಗಳ ವಿಷಯವನ್ನು ಒಬ್ಬರಿಗೊಬ್ಬರು ತಿಳಿಸುವುದು ಅದರ ಕೆಲಸ. 1826ರಲ್ಲಿ ಮ್ಯಾಂಚೆಸ್ಟರಿನ ವರ್ತಕರು ಗಾರ್ಡಿಯನ್ ಸೊಸೈಟಿ ಎಂಬ ಹೆಸರಿನಲ್ಲಿ ಇಂಥದೇ ಏರ್ಪಾಡು ಮಾಡಿಕೊಂಡರು. ಈ ಪಟ್ಟಿಗಳು ಹುಟ್ಟಿದ್ದು ಬಡವರ ಭಯದಿಂದಲ್ಲ ಎಂಬುದು ಸ್ವಾರಸ್ಯದ ಸಂಗತಿ. ಬಡವನಿಗೆ ಲಂಡನ್ನಿನ ಒಳ್ಳೆಯ ದರ್ಜಿ ಉದ್ರಿ ಕೊಡುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳುವುದು ತಮ್ಮ ಹಕ್ಕೆಂದು ನಂಬಿದ್ದ ದೊಡ್ಡಮನುಷ್ಯರೇ ಅವನ ತಲೆನೋವು. ಸಂಪಾದನೆಗೂ ಸಾಲ ತೀರಿಸುವ ಬುದ್ಧಿಗೂ ನಂಟಿಲ್ಲ ಎಂಬ ಪಾಠವನ್ನು ದರ್ಜಿಗಳು ಸಿರಿವಂತರಿಂದಲೇ ಕಲಿತರು. ಇಪ್ಪತ್ತನೆಯ ಶತಮಾನದಲ್ಲಿ ಉದ್ರಿ ಕೆಳಗಿನ ಬೀದಿಗಳಿಗೆ ಇಳಿಯಿತು. ಗ್ರೇಟ್ ಯೂನಿವರ್ಸಲ್ ಸ್ಟೋರ್ಸ್, ಲಿಟಲ್‌ವುಡ್ಸ್‌ನಂಥ ಕಂಪನಿಗಳು ಕ್ಯಾಟಲಾಗ್ ಹಂಚಿ, ವಾರದ ಕಂತಿನಲ್ಲಿ ಬಟ್ಟೆ ಪಾತ್ರೆ ಮಾರತೊಡಗಿದವು. ಪ್ರತಿ ಕೇರಿಯಲ್ಲೂ ಅವರಿಗೊಬ್ಬ ಏಜೆಂಟ್. ಹೆಚ್ಚಾಗಿ ಅದೇ ಕೇರಿಯ ಹೆಂಗಸು. ಯಾರ ಮನೆಯಲ್ಲಿ ಶುಕ್ರವಾರದ ಸಂಬಳ ಶನಿವಾರ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತು. ಅವಳು ತರುವ ಗಿರಾಕಿಯ ಬಗ್ಗೆ ಕಂಪನಿ ಬೇರೆ ವಿಚಾರಣೆ ಮಾಡುವ ಅಗತ್ಯ ಕಡಿಮೆ. ಈ ಕೇರಿಗಳ ಲೆಕ್ಕವೆಲ್ಲ ಕಂಪ್ಯೂಟರಿಗೆ ಏರಿದ ಮೇಲೆ ಆ ಮಾಹಿತಿಯೇ ಮಾರಾಟಕ್ಕೆ ತಕ್ಕ ಸರಕೆಂದು ಗ್ರೇಟ್ ಯೂನಿವರ್ಸಲ್‌ಗೆ ಹೊಳೆಯಿತು. 1980ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಸಿಸಿಎನ್ ಎಂಬ ಸಂಸ್ಥೆ ಶುರುವಾಯಿತು. 1996ರಲ್ಲಿ ಗ್ರೇಟ್ ಯೂನಿವರ್ಸಲ್‌ನವರು ಅಮೆರಿಕದ ಎಕ್ಸ್‌ಪೀರಿಯನ್ ಸಂಸ್ಥೆಯನ್ನು ಕೊಂಡು, ಎರಡನ್ನೂ ಕೂಡಿಸಿ, ಆ ಹೆಸರನ್ನೇ ಇಟ್ಟುಕೊಂಡರು. ಮ್ಯಾಂಚೆಸ್ಟರಿನ ಹಳೆಯ ಗಾರ್ಡಿಯನ್ ಸೊಸೈಟಿಯೂ ಕೊನೆಗೆ ಬಂದು ಸೇರಿದ್ದು ಇದೇ ಮನೆಗೆ. ಇವತ್ತು ಮೊಬೈಲ್ ಅಂಗಡಿಯಿಂದ ಹೊರಡುವ ಪ್ರಶ್ನೆ ತಲುಪುವುದು ಹೆಚ್ಚಾಗಿ ಈ ಮನೆಗೆ, ಇಲ್ಲವೇ ಅದರ ಎದುರಾಳಿಗಳಾದ ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್‌ಗಳಿಗೆ.

ಮಾಹಿತಿಯನ್ನು ಅಂಕಿಯಾಗಿಸುವ ಕಲೆ ಅಮೆರಿಕದಿಂದ ಬಂತು. 1941ರಲ್ಲಿ ಡೇವಿಡ್ ಡುರಾಂಡ್ ಎಂಬ ಅರ್ಥಶಾಸ್ತ್ರಜ್ಞ ಕಂತಿನ ಸಾಲಗಳನ್ನು ಕಲೆಹಾಕಿ, ಯಾವ ಲಕ್ಷಣದವರು ಸಾಲ ತೀರಿಸುತ್ತಾರೆ, ಯಾವ ಲಕ್ಷಣದವರು ತಪ್ಪಿಸುತ್ತಾರೆ ಎಂದು ಲೆಕ್ಕ ಹಾಕಿದರು. 1956ರಲ್ಲಿ ಬಿಲ್ ಫೇರ್ ಮತ್ತು ಅರ್ಲ್ ಐಸಾಕ್ ಅದನ್ನೇ ವ್ಯಾಪಾರ ಮಾಡಿಕೊಂಡು ಕಂಪನಿ ತೆರೆದರು. ಹಳೆಯ ಅಂಕಪಟ್ಟಿಗಳಲ್ಲಿ ವಯಸ್ಸು, ಒಂದೇ ಕೆಲಸದಲ್ಲಿ ಕಳೆದ ವರ್ಷಗಳು, ಸ್ವಂತ ಮನೆಯೋ ಬಾಡಿಗೆಯೋ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತಿತ್ತು: ಮನೆಯಲ್ಲಿ ಟೆಲಿಫೋನ್ ಇದೆಯೇ? ಇದ್ದರೆ ಅಂಕ ಹೆಚ್ಚು. ಫೋನಿದ್ದವನಿಗೆ ಸಾಲ ಸಿಗುತ್ತಿದ್ದ ಕಾಲ ಹೋಗಿ, ಸಾಲಕ್ಕೆ ಅರ್ಹನಾದವನಿಗೆ ಫೋನ್ ಸಿಗುವ ಕಾಲ ಬಂದದ್ದು ಒಂದೇ ತಲೆಮಾರಿನಲ್ಲಿ. ಆ ಪ್ರಶ್ನೆ ಅಸಂಬದ್ಧವೇನೂ ಆಗಿರಲಿಲ್ಲ. ಸ್ಥಿರ ದೂರವಾಣಿ ಗೋಡೆಗೆ ಅಂಟಿಕೊಂಡದ್ದು. ಬ್ರಿಟನ್ನಿನಲ್ಲಿ 1980ರ ದಶಕ ಕಾಲಿಡುವವರೆಗೂ ಉಪಕರಣವೇ ದೂರವಾಣಿ ಸಂಸ್ಥೆಯ ಸೊತ್ತು, ಗಿರಾಕಿ ಕೊಡುತ್ತಿದ್ದುದು ಬಾಡಿಗೆ. ಬಿಲ್ಲು ಕಟ್ಟದಿದ್ದರೆ ಸಂಪರ್ಕ ಕಡಿಯಬಹುದು. ಅನುಮಾನವಿದ್ದರೆ ಮೊದಲೇ ಠೇವಣಿ ಇಡಿಸಿಕೊಳ್ಳಬಹುದು. ಅಂದರೆ ವಿಳಾಸವೇ ಜಾಮೀನು.

ಆ ಜಾಮೀನು ಕಳಚಿಬಿದ್ದದ್ದು 1985ರ ಜನವರಿಯಲ್ಲಿ, ವೊಡಾಫೋನ್ ಮತ್ತು ಸೆಲ್‌ನೆಟ್ ಬ್ರಿಟನ್ನಿನಲ್ಲಿ ಮೊಬೈಲ್ ಸೇವೆ ಆರಂಭಿಸಿದಾಗ. ಅದರ ಪೆಟ್ಟು ತಕ್ಷಣ ಗೊತ್ತಾಗಲಿಲ್ಲ. ವೊಡಾಫೋನಿನ ಮೊದಲ ಹೊತ್ತೊಯ್ಯುವ ಫೋನಿನ ಬೆಲೆ ಸುಮಾರು 1,650 ಪೌಂಡ್. ಕೊಳ್ಳುತ್ತಿದ್ದವರು ಕಂಪನಿಗಳು, ಗುತ್ತಿಗೆದಾರರು, ಷೇರು ದಲ್ಲಾಳಿಗಳು. 1993ರಲ್ಲಿ ಮರ್ಕ್ಯುರಿ ಒನ್-ಟು-ಒನ್, 1994ರಲ್ಲಿ ಆರೆಂಜ್ ಕಣಕ್ಕಿಳಿದ ಮೇಲೆ ಸಾಮಾನ್ಯರನ್ನು ಸೆಳೆಯುವ ಪೈಪೋಟಿ ಏರ್ಪಟ್ಟಿತು. ಗಿರಾಕಿಯನ್ನು ತಂದುಕೊಟ್ಟ ಅಂಗಡಿಗೆ ಜಾಲದ ಕಂಪನಿ ಕಮಿಷನ್ ಕೊಡುವುದು, ಅಂಗಡಿ ಆ ಹಣದಿಂದ ಹ್ಯಾಂಡ್‌ಸೆಟ್ಟಿನ ಬೆಲೆ ಇಳಿಸುವುದು, ಗಿರಾಕಿಯನ್ನು ಹನ್ನೆರಡು ತಿಂಗಳ ಕರಾರಿಗೆ ಕಟ್ಟಿಹಾಕಿ ಆ ನಷ್ಟವನ್ನು ತಿಂಗಳ ಬಾಡಿಗೆಯಲ್ಲಿ ವಸೂಲು ಮಾಡುವುದು, ಹೀಗೆ ನಡೆಯಿತು ವ್ಯಾಪಾರ. ಜಾಹೀರಾತಿನಲ್ಲಿ ಫೋನ್ ಪುಕ್ಕಟೆ. ಲೆಕ್ಕದ ಪುಸ್ತಕದಲ್ಲಿ ಅದು ಸಾಲ. ಸುಳ್ಳು ಹೆಸರಿನಲ್ಲಿ ಫೋನ್ ಪಡೆದು ವಿದೇಶಕ್ಕೆ ಕರೆಗಳನ್ನು ಮಾರಿಕೊಂಡು ಮಾಯವಾಗುವ ವಂಚಕರೂ ಆಗಲೇ ಹುಟ್ಟಿಕೊಂಡರು. ಮನೆ ಬಿಟ್ಟ ಫೋನಿಗೆ ಮನೆಯನ್ನು ಮತ್ತೆ ಹುಡುಕಿಕೊಡಬೇಕಿತ್ತು. ಅದಕ್ಕೆ ಒದಗಿದ್ದು ಮತದಾರರ ಪಟ್ಟಿ: ಅರ್ಜಿಯಲ್ಲಿರುವ ಹೆಸರು ಅದೇ ವಿಳಾಸದಲ್ಲಿ ಪಟ್ಟಿಯಲ್ಲೂ ಇದ್ದರೆ ಮೊದಲ ಗಂಟು ಬಿಚ್ಚಿದಂತೆ. 1990ರ ಸುಮಾರಿಗೆ ಮಾರ್ಗರೆಟ್ ಥ್ಯಾಚರ್ ಸರ್ಕಾರದ ತಲೆಗಂದಾಯ ತಪ್ಪಿಸಿಕೊಳ್ಳಲು ಪಟ್ಟಿಯಿಂದ ಹೆಸರು ಜಾರಿಸಿಕೊಂಡವರು ತೆರಿಗೆ ವಸೂಲು ಮಾಡುವವರ ಜೊತೆಗೆ ಸಾಲ ಕೊಡುವವರ ಕಣ್ಣಿಗೂ ಕಾಣದಂತಾದರು. ವಿಳಾಸದ ಮೇಲಿನ ಈ ನಂಬಿಕೆ ಅತಿರೇಕಕ್ಕೂ ಹೋಗಿತ್ತು. ಹಿಂದೆ ಅದೇ ಮನೆಯಲ್ಲಿದ್ದ ಅಪರಿಚಿತನ ಬಾಕಿ ಈಗಿನ ನಿವಾಸಿಯ ಲೆಕ್ಕಕ್ಕೆ ಬೀಳುತ್ತಿತ್ತು. 1991ರಲ್ಲಿ ದತ್ತಾಂಶ ರಕ್ಷಣೆಯ ನ್ಯಾಯಮಂಡಳಿ ಸಿಸಿಎನ್ ಮತ್ತಿತರ ಸಂಸ್ಥೆಗಳ ವಿರುದ್ಧದ ಪ್ರಕರಣಗಳಲ್ಲಿ ಈ ಪದ್ಧತಿಗೆ ಮಿತಿ ಹಾಕಿತು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ಮಾತಾಡಿದ ಮೇಲೆ ಹಣ ಕೊಡುವುದೂ ಸಾಲವೇ ತಾನೆ, ಹ್ಯಾಂಡ್‌ಸೆಟ್ಟನ್ನು ಏಕೆ ದೂರಬೇಕು? ನಿಜ, ತಿಂಗಳ ಕೊನೆಗೆ ಬರುವ ಬಿಲ್ಲೂ ಸಾಲವೇ. ರೋಮಿಂಗ್ ಬಿಲ್ಲಂತೂ ದೊಡ್ಡದೇ ಆಗಬಲ್ಲದು. ಆದರೆ ಆ ಸಮಸ್ಯೆಗೆ ಪರಿಹಾರ ಬಲು ಬೇಗ ಸಿಕ್ಕಿತು. 1995ರಲ್ಲಿ ಪೋರ್ಚುಗಲ್ಲಿನ ಟಿಎಂಎನ್ ಕಂಪನಿ ಮಿಮೊ ಎಂಬ ಪ್ರಿಪೇಯ್ಡ್ ಯೋಜನೆ ತಂದಿತು. ಮರುವರ್ಷವೇ ವೊಡಾಫೋನ್ ಬ್ರಿಟನ್ನಿನಲ್ಲಿ ಅದನ್ನು ಅನುಸರಿಸಿತು. ಮೊದಲೇ ಹಣ ಕೊಟ್ಟವನ ಕುಲಗೋತ್ರ ಕಂಪನಿಗೆ ಬೇಕಾಗಲಿಲ್ಲ. 2000ದ ಹೊತ್ತಿಗೆ ಬ್ರಿಟನ್ನಿನ ಮೊಬೈಲ್ ಗ್ರಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪ್ರಿಪೇಯ್ಡ್‌ನವರಾಗಿದ್ದರು. ಪರೀಕ್ಷೆಯ ಮೂಲ ಮಾತಿನ ಬಿಲ್ಲೇ ಆಗಿದ್ದರೆ ಅದು ಅಲ್ಲಿಗೇ ಸೊರಗಬೇಕಿತ್ತು. ಸೊರಗುವ ಬದಲು ಬಿಗಿಯಾಯಿತು, ಏಕೆಂದರೆ ಹ್ಯಾಂಡ್‌ಸೆಟ್ ದುಬಾರಿಯಾಯಿತು. 2007ರ ನವೆಂಬರಿನಲ್ಲಿ ಐಫೋನ್ ಬ್ರಿಟನ್ನಿಗೆ ಬಂದಾಗ ಅದನ್ನು ಮಾರಿದ ಓ2 ಕಂಪನಿ 269 ಪೌಂಡ್ ಬೆಲೆಯ ಮೇಲೆ, ತಿಂಗಳಿಗೆ ಕನಿಷ್ಠ 35 ಪೌಂಡಿನಂತೆ 18 ತಿಂಗಳ ಕರಾರು ಕೇಳಿತು. ಮುಂದೆ ಕರಾರು 24 ತಿಂಗಳಿಗೆ ಹಿಗ್ಗಿತು. 2013ರಲ್ಲಿ ಅದೇ ಓ2 ತನ್ನ ರಿಫ್ರೆಶ್ ಯೋಜನೆಯಲ್ಲಿ ಬಿಲ್ಲನ್ನು ಎರಡಾಗಿ ಸೀಳಿತು: ಒಂದು ಸೇವೆಯ ಶುಲ್ಕ, ಇನ್ನೊಂದು ಹ್ಯಾಂಡ್‌ಸೆಟ್ಟಿನ ಸಾಲ, ಎರಡನೆಯದು ಕಾನೂನಿನ ಪ್ರಕಾರವೂ ಸಾಲವೇ. ಉಳಿದ ದೊಡ್ಡ ಕಂಪನಿಗಳು ಆಗ ಸೀಳಲಿಲ್ಲ. ಪರಿಣಾಮ ಏನೆಂಬುದನ್ನು ಸಿಟಿಜನ್ಸ್ ಅಡ್ವೈಸ್ ಸಂಸ್ಥೆ 2017ರಲ್ಲಿ ತೋರಿಸಿಕೊಟ್ಟಿತು: ಎರಡು ವರ್ಷ ಮುಗಿದು ಫೋನಿನ ಬೆಲೆ ಪೂರ್ತಿ ಸಂದಾಯವಾದ ಮೇಲೂ ಮೂರು ದೊಡ್ಡ ಕಂಪನಿಗಳು ಹಳೆಯ ಗಿರಾಕಿಗಳಿಂದ ಅದೇ ಬಿಲ್ಲು ವಸೂಲು ಮಾಡುತ್ತಿದ್ದವು, ಸರಾಸರಿ ತಿಂಗಳಿಗೆ 22 ಪೌಂಡ್ ಹೆಚ್ಚಾಗಿ. ಸಾಲಕ್ಕೆಂದು ಗಿರಾಕಿಯ ಜಾತಕ ಕೇಳಿದವರು ಸಾಲ ತೀರಿದ್ದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ನಮ್ಮ ದೇಶದ ಅನುಭವವೂ ಇದಕ್ಕೇ ಸಾಕ್ಷಿ. 1995ರಲ್ಲಿ ಭಾರತಕ್ಕೆ ಮೊಬೈಲ್ ಬಂತು. ಕರ್ನಾಟಕದಲ್ಲಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಮೊದಲಿಗರು. ಪೋಸ್ಟ್‌ಪೇಯ್ಡ್ ಕೇಳಿದವರು ಠೇವಣಿ ಇಡುತ್ತಿದ್ದರು, ವಿಳಾಸ ನೋಡಲು ಮನೆಗೆ ಒಬ್ಬ ಬಂದುಹೋಗುತ್ತಿದ್ದ, ಅಷ್ಟೆ. ಹ್ಯಾಂಡ್‌ಸೆಟ್ ನಾವೇ ಕೊಳ್ಳುತ್ತಿದ್ದುದರಿಂದ ಸಿಮ್ ಕಂಪನಿಗೆ ನಮ್ಮ ಸಾಲದ ಚರಿತ್ರೆ ಬೇಕಾಗಲಿಲ್ಲ. ಈ ರೂಢಿ ಮುರಿದದ್ದು 2003ರಲ್ಲಿ, ರಿಲಯನ್ಸ್ ಇನ್ಫೋಕಾಂ ಮಾನ್ಸೂನ್ ಹಂಗಾಮಾ ಯೋಜನೆಯಲ್ಲಿ 501 ರೂಪಾಯಿ ಮುಂಗಡಕ್ಕೆ ಹ್ಯಾಂಡ್‌ಸೆಟ್ ಕೈಗಿಟ್ಟಾಗ. ಜನ ಮುಗಿಬಿದ್ದರು, ಬಿಲ್ಲು ಕಟ್ಟದವರೂ ಬಹಳ. ಕಂಪನಿ ಕೈಸುಟ್ಟುಕೊಂಡಿತು. ಸಾಮಾನ್ಯ ಗ್ರಾಹಕರ ಸಾಲದ ದಾಖಲೆ ಕೊಡುವ ಸಿಬಿಲ್ ವ್ಯವಸ್ಥೆ ಆಗಿನ್ನೂ ಕೆಲಸ ಶುರುಮಾಡಿರಲಿಲ್ಲ. ಈಗ ಫೋನಿಗೆ ಇಎಂಐ ಕೇಳಿದರೆ ಸಿಬಿಲ್ ನೋಡುತ್ತಾರೆ, ಆದರೆ ನೋಡುವುದು ಫೈನಾನ್ಸ್ ಕಂಪನಿ. ಸಾಲ ಎಲ್ಲಿದೆಯೋ ಪರೀಕ್ಷೆ ಅಲ್ಲಿದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ಅಂಗಡಿಯವನ ಮೂಗಿನ ನೇರಕ್ಕಿಂತ ಯಂತ್ರದ ಅಂಕಿ ನ್ಯಾಯವಾದದ್ದಲ್ಲವೇ? ಒಂದು ಮಟ್ಟಿಗೆ ಹೌದು. ಬ್ರಿಟನ್ನಿನಲ್ಲಿ ದುಡಿಯುವ ಹೆಂಗಸೂ ಕಂತಿನಲ್ಲಿ ಸಾಮಾನು ಕೊಳ್ಳಲು ಗಂಡನದೋ ತಂದೆಯದೋ ಸಹಿ ತರಬೇಕೆಂದು ಅಂಗಡಿಗಳು ಕೇಳುತ್ತಿದ್ದವು. ಅದನ್ನು ಅಕ್ರಮವಾಗಿಸಲು 1975ರ ಲಿಂಗ ತಾರತಮ್ಯ ಕಾಯಿದೆಯೇ ಬರಬೇಕಾಯಿತು. ಮೈಬಣ್ಣ, ಮಾತಿನ ಧಾಟಿ ನೋಡಿ ತೀರ್ಮಾನಿಸುವವನಿಗಿಂತ ಕಟ್ಟಿದ ಕಂತುಗಳನ್ನು ಎಣಿಸುವ ಯಂತ್ರ ವಾಸಿ. 1974ರ ಗ್ರಾಹಕ ಸಾಲ ಕಾಯಿದೆ ತನ್ನ ಕಡತ ತಾನೇ ನೋಡುವ ಹಕ್ಕನ್ನೂ ಕೊಟ್ಟಿತು. ಅದಕ್ಕಿದ್ದ ಎರಡು ಪೌಂಡಿನ ಶುಲ್ಕ 2018ರಲ್ಲಿ ಹೋಯಿತು. ಆದರೆ ಎಣಿಸಲು ಏನೂ ಇಲ್ಲದವನನ್ನು ಈ ಯಂತ್ರ ಕೆಟ್ಟವನ ಪಕ್ಕದಲ್ಲೇ ಕೂರಿಸುತ್ತದೆ. ಎಂದೂ ಸಾಲ ಮಾಡದ ವಿಧವೆ, ಈಗಷ್ಟೇ ಹದಿನೆಂಟು ತುಂಬಿದವನು, ನಿನ್ನೆ ವಿಮಾನ ಇಳಿದವನು, ಇವರ ಕಡತ ಖಾಲಿ. ಖಾಲಿ ಕಡತಕ್ಕೆ ತೆರುವ ದಂಡವೂ ಕಣ್ಣಿಗೆ ಕಾಣುವಂತೆ ಇರುವುದಿಲ್ಲ. ಅಮೆರಿಕದಲ್ಲಿ ಸ್ಪ್ರಿಂಟ್ ಕಂಪನಿ ಅಂಕ ಕಡಿಮೆಯಿದ್ದ ಗಿರಾಕಿಗಳಿಂದ ತಿಂಗಳಿಗೆ 7.99 ಡಾಲರ್ ಹೆಚ್ಚುವರಿ ವಸೂಲು ಮಾಡುತ್ತ, ಅದರ ಕಾರಣವನ್ನು ಸರಿಯಾಗಿ ತಿಳಿಸದೆ, 2015ರಲ್ಲಿ 29.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು. ಕಡಿಮೆ ಅಂಕದವನಿಂದ ಹೆಚ್ಚು ಕೇಳುವುದು ಅಲ್ಲಿ ತಪ್ಪಲ್ಲ. ಹೇಳದೆ ಕೇಳುವುದು ತಪ್ಪು.

ಕಂಪನಿ ಸಾಲ ಕೊಡುವಾಗ ವಿಚಾರಿಸಬಾರದೆಂದು ಯಾರೂ ಹೇಳಲಾರರು. ಸಾಲವನ್ನು ಸಾಲವೆಂದು ಕರೆದು, ಅದರ ಮೊತ್ತವನ್ನೂ ಕಂತು ಮುಗಿಯುವ ದಿನವನ್ನೂ ಬಿಲ್ಲಿನ ಮೇಲೆ ಬರೆದು ವಿಚಾರಿಸಲಿ. ಸೇವೆಯನ್ನಷ್ಟೇ ಬಯಸುವವನನ್ನು ಆ ಜಂಜಾಟದಿಂದ ಬಿಡಲಿ. ಓದಲು, ದುಡಿಯಲು ಬ್ರಿಟನ್ನಿಗೆ ಹೊರಟ ಕನ್ನಡಿಗರಿಗೆ ಮಾತ್ರ ಒಂದು ಮಾತು. ಬೆಂಗಳೂರಿನಲ್ಲಿ ಸಿಬಿಲ್ ಅಂಕ ಎಂಟುನೂರು ದಾಟಿದ್ದರೂ ಸಾಮಾನ್ಯವಾಗಿ ಅಲ್ಲಿನ ಕಡತಕ್ಕೆ ಅದು ಸೇರುವುದಿಲ್ಲ. ಮೊದಲ ವಾರವೇ ಫೋನ್ ಕಾಂಟ್ರಾಕ್ಟಿಗೆ ಅಂಗಡಿಯಿಂದ ಅಂಗಡಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ಕಡತದಲ್ಲಿ ಉಳಿಯುತ್ತದೆ. ಹ್ಯಾಂಡ್‌ಸೆಟ್ ಊರಿನಿಂದಲೇ ಒಯ್ದು, ಪ್ರಿಪೇಯ್ಡ್ ಸಿಮ್ ಹಾಕಿಕೊಳ್ಳಿ, ಬ್ಯಾಂಕ್ ಖಾತೆ ತೆರೆಯಿರಿ. ಕಾಮನ್‌ವೆಲ್ತ್ ದೇಶದವರಾದ್ದರಿಂದ ಅಲ್ಲಿ ವಾಸವಿರುವ ಭಾರತೀಯರಿಗೆ ಮತದಾನದ ಹಕ್ಕಿದೆ. ಮನೆ ಗೊತ್ತಾದ ಕೂಡಲೇ ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಅದಕ್ಕೆ ಶುಲ್ಕವಿಲ್ಲ.